ಬಣ್ಣದೆಲೆ ಬೀಜದ ಫಾರ್ವರ್ಡ್ ನಂಬಬಹುದೇ? ಉತ್ತರ ಲಾಲ್‌ಬಾಗಿನ ಕೃಂಬಿಗಲ್ ಬದುಕಿನಲ್ಲಿದೆ

ಒಂದೇ ಗಿಡ. ಅದರಲ್ಲಿ ನೀಲಿ, ನೇರಳೆ, ಗುಲಾಬಿ, ಹಳದಿ ಎಲೆಗಳು. ಕೆಳಗೊಂದು ಲಿಂಕ್. ನೂರು ಬೀಜಕ್ಕೆ ಇಷ್ಟು ರೂಪಾಯಿ, ಹದಿನೈದೇ ದಿನದಲ್ಲಿ ಫೋಟೊದಲ್ಲಿರುವಂತೆಯೇ ಬೆಳೆಯುತ್ತದೆ ಎಂಬ ಭರವಸೆ. ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು.

ನಮ್ಮ ತಂಡದ ಒಬ್ಬರ ತಾಯಿ ಹರಿಹರದಲ್ಲಿದ್ದಾರೆ. ಅವರು ಇದನ್ನು ನಂಬಿ ಬೀಜ ತರಿಸಿದರು. ಬೀಜ ಕೈಗೆ ಬರುವ ಮೊದಲೇ ಸಂದೇಶವನ್ನು ಓಣಿಯ ಗುಂಪಿಗೂ ಕಳಿಸಿಬಿಟ್ಟಿದ್ದರು. ಅವರ ಮಾತಿನ ಮೇಲೆ ಅಕ್ಕಪಕ್ಕದ ಮೂರು ಮನೆಯವರು, ದಾವಣಗೆರೆಯಲ್ಲಿರುವ ಅವರ ತಂಗಿ, ಎಲ್ಲರೂ ದುಡ್ಡು ಹಾಕಿದರು. ಎರಡು ವಾರ ಕಳೆದರೂ ಬಣ್ಣದ ಸುಳಿವಿಲ್ಲ. ಕೆಲವು ಕುಂಡಗಳಲ್ಲಿ ಏನೂ ಮೊಳೆಯಲಿಲ್ಲ, ಕೆಲವದರಲ್ಲಿ ಹಸಿರು ಸಸಿ ಬಂತು. ಹೋದ ದುಡ್ಡು ದೊಡ್ಡದಲ್ಲ. ಆದರೆ ಆ ಓಣಿಯಲ್ಲಿ ಗಿಡದ ವಿಷಯಕ್ಕೆ ಎಲ್ಲರೂ ಕೇಳುತ್ತಿದ್ದದ್ದು ಅವರನ್ನೇ. ಆ ನಂಬಿಕೆಗೆ ಪೆಟ್ಟು ಬಿತ್ತು.

ಹಾಗಾದರೆ ಬಣ್ಣದ ಎಲೆಯ ಗಿಡವನ್ನು ಬೀಜದಿಂದ ಬೆಳೆಸಲು ಬರುವುದೇ ಇಲ್ಲವೇ? ಬರುತ್ತದೆ. ಆದರೆ ಸಂದೇಶ ಹೇಳುವ ಹಾಗಲ್ಲ. ಇದನ್ನು ವಿವರಿಸಲು ನಾವು ಒಬ್ಬ ತೋಟಗಾರರ ಬದುಕನ್ನು ಆರಿಸಿಕೊಂಡಿದ್ದೇವೆ. ದೇಶ ವಿದೇಶಗಳ ಬೀಜ ತರಿಸಿ, ಬಿತ್ತಿ, ಈ ನೆಲಕ್ಕೆ ಯಾವುದು ಒಗ್ಗುತ್ತದೆ ಎಂದು ನೋಡುವುದೇ ಅವರ ಕೆಲಸವಾಗಿತ್ತು. ಅವರ ಹೆಸರು ಗುಸ್ತಾವ್ ಹರ್ಮನ್ ಕೃಂಬಿಗಲ್.

ಚಳಿ ನಾಡಿನ ಹುಡುಗ

ಕೃಂಬಿಗಲ್ ಹುಟ್ಟಿದ್ದು 1865ರ ಡಿಸೆಂಬರ್ 18ರಂದು, ಜರ್ಮನಿಯ ಡ್ರೆಸ್ಡೆನ್ ನಗರದ ಹತ್ತಿರದ ಲೋಮೆನ್ ಎಂಬ ಊರಿನಲ್ಲಿ. ತೋಟಗಾರಿಕೆ ಕಲಿತದ್ದು ಅಲ್ಲಿಗೆ ಸಮೀಪದ ಪಿಲ್ನಿಟ್ಸ್‌ನಲ್ಲಿ. ಅಲ್ಲಿನ ಅರಮನೆ ತೋಟದಲ್ಲಿ ಜಪಾನ್ ಮೂಲದ ಒಂದು ಕೆಮೀಲಿಯಾ ಗಿಡವಿದೆ. 1801ರಲ್ಲಿ ನೆಲಕ್ಕೆ ನೆಟ್ಟ ಆ ಗಿಡ ಇಂದಿಗೂ ಬದುಕಿದೆ. ಹಿಮ ಬೀಳುವ ಊರಿನಲ್ಲಿ ಅದು ತಾನಾಗಿ ಉಳಿಯುವುದಿಲ್ಲ. ಪ್ರತಿ ಚಳಿಗಾಲದಲ್ಲೂ ಅದರ ಸುತ್ತ ಒಂದು ಮನೆಯನ್ನೇ ನಿಲ್ಲಿಸಿ ಬೆಚ್ಚಗಿಡುತ್ತಾರೆ.

ಬೇರೆ ನಾಡಿನ ಗಿಡ ಬೇಕೆಂದರೆ ಅದರ ಹವೆಯನ್ನೂ ಒದಗಿಸಬೇಕು. ತೋಟಗಾರಿಕೆಯ ಈ ಮೊದಲ ಪಾಠ ಆ ಊರಿನಲ್ಲಿ ಕಣ್ಣೆದುರಿಗೇ ಇತ್ತು.

ಜರ್ಮನಿಯ ಕೆಲವು ಕಡೆ ಕೆಲಸ ಮಾಡಿದ ಮೇಲೆ ಅವರು 1888ರಲ್ಲಿ ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಹೂವಿನ ಪಾತಿಗಳ ಕೆಲಸ ಮಾಡಿದರು. ಬಳಿಕ ಹೆಸರಾಂತ ಕ್ಯೂ ಸಸ್ಯೋದ್ಯಾನ ಸೇರಿದರು.

ಹೂವಿಲ್ಲದೆ ಬಣ್ಣ ತುಂಬುವ ಗಿಡ

ಆ ಕಾಲದ ಇಂಗ್ಲೆಂಡಿನಲ್ಲಿ ಉದ್ಯಾನಗಳಿಗೆ ಒಂದು ಹೊಸ ಶೋಕಿ ಬಂದಿತ್ತು. ನೆಲದ ಮೇಲೆ ಜಮಖಾನೆ ಹಾಸಿದ ಹಾಗೆ, ಬಣ್ಣದ ಎಲೆಯ ಗಿಡ್ಡ ಗಿಡಗಳನ್ನು ಒತ್ತೊತ್ತಾಗಿ ನೆಟ್ಟು ಚಿತ್ತಾರ ಬಿಡಿಸುತ್ತಿದ್ದರು. ಹೂ ನಾಲ್ಕು ದಿನಕ್ಕೆ ಬಾಡುತ್ತದೆ, ಬಣ್ಣದ ಎಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಇದಕ್ಕೆ ಬಳಸುತ್ತಿದ್ದ ಮುಖ್ಯ ಗಿಡಗಳಲ್ಲಿ ಕೋಲಿಯಸ್ ಒಂದು.

ನಮ್ಮ ನರ್ಸರಿಗಳಲ್ಲಿ ಕೆಂಪು, ಮರೂನ್, ತಿಳಿಹಸಿರು ಅಂಚಿನ ಎಲೆಗಳಿಂದ ಕಣ್ಣು ಸೆಳೆಯುವ ಗಿಡ ಇದೇ. ಫಾರ್ವರ್ಡ್‌ನ ಫೋಟೊದಲ್ಲಿದ್ದದ್ದೂ ಇದೇ, ಬಣ್ಣ ಬದಲಾಯಿಸಿದ್ದು ಅಷ್ಟೇ. ಕೋಲಿಯಸ್ ಆಗ್ನೇಯ ಏಷ್ಯಾ ಕಡೆಯ ಗಿಡ. ಜಾವಾದಲ್ಲಿ ಕೆಲಸ ಮಾಡಿದ ಬ್ಲೂಮ್ ಎಂಬ ಸಸ್ಯವಿಜ್ಞಾನಿಯ ಹೆಸರು ಬಹಳ ಕಾಲ ಅದರ ವೈಜ್ಞಾನಿಕ ಹೆಸರಿನಲ್ಲೇ ಇತ್ತು. ತುಳಸಿ, ಪುದೀನ ಇದರ ಕುಟುಂಬದವು. ದೊಡ್ಡಪತ್ರೆಯಂತೂ ತೀರ ಹತ್ತಿರದ ನೆಂಟ. ಕಾಂಡ ಮುಟ್ಟಿ ನೋಡಿ, ತುಳಸಿಯ ಹಾಗೆ ನಾಲ್ಕು ಮೂಲೆ ಕೈಗೆ ಸಿಗುತ್ತದೆ.

ಎಲೆಗೆ ಬಣ್ಣ ಬರುವುದು ಹೇಗೆ? ಹಸಿರಿಗೆ ಕಾರಣ ಕ್ಲೋರೋಫಿಲ್, ಗಿಡದ ಅಡುಗೆಮನೆ ಅದು. ಕೆಂಪು, ಗುಲಾಬಿ, ನೇರಳೆಗೆ ಕಾರಣ ಆಂಥೋಸಯಾನಿನ್ ಎಂಬ ವರ್ಣದ್ರವ್ಯ. ಕೆಂಪು ದಂಟಿನ ಕೆಂಪೇ ಬೇರೆ ದ್ರವ್ಯ, ನೇರಳೆ ಹಣ್ಣಿನ ಬಣ್ಣ ಮಾತ್ರ ಇದೇ ಜಾತಿಯದು. ಹಳದಿಗೆ ಕೆರೋಟಿನಾಯ್ಡ್. ಕ್ಲೋರೋಫಿಲ್ ಇಲ್ಲದ ಜಾಗ ಬಿಳಿ ಅಥವಾ ಕೆನೆ ಬಣ್ಣಕ್ಕೆ ಕಾಣುತ್ತದೆ. ಈ ನಾಲ್ಕರ ಹೆಚ್ಚು ಕಡಿಮೆಯಲ್ಲೇ ಕೋಲಿಯಸ್‌ನ ನೂರಾರು ಬಗೆಗಳು ಹುಟ್ಟಿವೆ. ಆದರೆ ಆಕಾಶನೀಲಿ ಎಲೆಯ ಕೋಲಿಯಸ್ ಎಂಬುದು ಇಲ್ಲ. ಫೋಟೊದಲ್ಲಿ ಅಂಥ ಎಲೆ ಕಂಡರೆ ಬಣ್ಣ ಬಂದಿರುವುದು ಕಂಪ್ಯೂಟರಿನಿಂದ.

ಬರೋಡಾ ದಾಟಿ ಬೆಂಗಳೂರಿಗೆ

1893ರಲ್ಲಿ ಕೃಂಬಿಗಲ್ ಭಾರತಕ್ಕೆ ಬಂದರು. ಬರೋಡಾದ ಮಹಾರಾಜ ಮೂರನೇ ಸಯಾಜಿರಾವ್ ಗಾಯಕವಾಡರ ಸಂಸ್ಥಾನದ ಉದ್ಯಾನಗಳನ್ನು ನೋಡಿಕೊಳ್ಳುವ ಹೊಣೆ ಅವರದಾಯಿತು. ಹಿಮದ ನಾಡಿನಲ್ಲಿ ಕಲಿತವರು ಈಗ ಗುಜರಾತಿನ ಬಿಸಿಲಿನಲ್ಲಿ ಕೆಲಸ ಮಾಡಬೇಕಿತ್ತು. ಪಿಲ್ನಿಟ್ಸ್‌ನಲ್ಲಿ ಗಿಡವನ್ನು ಚಳಿಯಿಂದ ಕಾಯುತ್ತಿದ್ದರೆ, ಇಲ್ಲಿ ಕಾಯಬೇಕಾದದ್ದು ಬಿಸಿಲಿನಿಂದ.

ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ, 1908ರಲ್ಲಿ, ಅವರು ಬೆಂಗಳೂರಿನ ಲಾಲ್‌ಬಾಗಿಗೆ ಬಂದರು. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಲಾಲ್‌ಬಾಗ್ ಕಟ್ಟಿದವರೇ ಕೃಂಬಿಗಲ್ ಎಂದು ಕೆಲವರು ಅಂದುಕೊಂಡಿದ್ದಾರೆ. ತೋಟ ಶುರುವಾದದ್ದು ಹೈದರಾಲಿಯ ಕಾಲದಲ್ಲಿ, 1760ರ ಸುಮಾರಿಗೆ. ಅದನ್ನು ಬೆಳೆಸಿ ಹೊರದೇಶಗಳಿಂದ ಗಿಡ, ಬೀಜ ತರಿಸಿದವನು ಟಿಪ್ಪು. ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ, ಆಗ ತೋಟದ ಹೊಣೆ ಜಾನ್ ಕ್ಯಾಮರೂನ್ ಅವರದು. ಸೀಮೆಬದನೆ ಬೆಂಗಳೂರಿನಲ್ಲಿ ಬೇರೂರಿದ್ದೂ ಕ್ಯಾಮರೂನ್ ಕಾಲದಲ್ಲೇ. ಕೃಂಬಿಗಲ್ ಬಂದದ್ದು ಇವರೆಲ್ಲರ ನಂತರ. ಅವರ ದೊಡ್ಡತನಕ್ಕೆ ಬೇರೆಯವರ ಕೆಲಸವನ್ನು ಸೇರಿಸಬೇಕಾದ ಅಗತ್ಯವೇ ಇಲ್ಲ.

ಆಗ ದಾವಣಗೆರೆ ಮತ್ತು ಹರಿಹರ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. ಹರಿಹರದ ತುಂಗಭದ್ರೆ ದಾಟಿದರೆ ಮುಂಬೈ ಪ್ರಾಂತ್ಯ. ಅಂದರೆ ಕೃಂಬಿಗಲ್ ಕೆಲಸ ಮಾಡಿದ ಸಂಸ್ಥಾನದ ಒಂದು ಅಂಚು ಹರಿಹರದ ಹೊಳೆ ದಂಡೆಯೇ ಆಗಿತ್ತು.

ಬೀಜ ಬಂತು ಎಂದರೆ ಗಿಡ ಬಂದಂತಲ್ಲ

ಲಾಲ್‌ಬಾಗಿನಲ್ಲಿ ಕೃಂಬಿಗಲ್ ಮಾಡಿದ ಮುಖ್ಯ ಕೆಲಸಗಳಲ್ಲಿ ಒಂದು ಬೀಜ ವಿನಿಮಯ. ಬೇರೆ ದೇಶಗಳ ಸಸ್ಯೋದ್ಯಾನಗಳಿಗೆ ಇಲ್ಲಿಯ ಬೀಜ ಕಳಿಸಿ, ಅಲ್ಲಿಯದನ್ನು ತರಿಸಿಕೊಳ್ಳುವುದು. ಬೀಜ ಹಗುರ, ಅಂಚೆಯಲ್ಲಿ ಹೋಗುತ್ತದೆ, ಹಡಗಿನಲ್ಲಿ ವಾರಗಟ್ಟಲೆ ಇದ್ದರೂ ಬದುಕಿರುತ್ತದೆ. ಆದರೆ ಸಸ್ಯೋದ್ಯಾನದಲ್ಲಿ ಬೀಜ ಬಂದ ಮೇಲೆಯೇ ನಿಜವಾದ ಕೆಲಸ ಶುರು. ಬಿತ್ತಬೇಕು, ಕಾಯಬೇಕು, ಎಷ್ಟು ಮೊಳೆತವು, ಯಾವುದು ಇಲ್ಲಿಯ ಮಳೆ ಬಿಸಿಲು ತಡೆಯಿತು ಎಂದು ನೋಡಬೇಕು. ಒಗ್ಗಿದ್ದನ್ನು ಉಳಿಸಿಕೊಂಡು ಹಂಚಬೇಕು.

ಇಷ್ಟು ಕಾಯುವುದು ಏಕೆ? ಬೀಜ ತಾಯಿಗಿಡದ ನಕಲಲ್ಲ. ಇದು ಹಳ್ಳಿಯ ರೈತರಿಗೆ ಗೊತ್ತಿರುವ ಸಂಗತಿಯೇ. ಬಾದಾಮಿ ಮಾವಿನ ವಾಟೆ ನೆಟ್ಟರೆ ಮಾವಿನ ಮರವೇನೋ ಬರುತ್ತದೆ, ಹಣ್ಣು ಅದೇ ರುಚಿಯದಾಗಿರುತ್ತದೆ ಎಂದು ಯಾರೂ ಮಾತು ಕೊಡುವುದಿಲ್ಲ. ಅದಕ್ಕೇ ಕಸಿ ಕಟ್ಟುತ್ತಾರೆ. ಕೋಲಿಯಸ್ ಕೂಡ ಹೀಗೆ. ಜೇನು ಒಂದು ಗಿಡದ ಪರಾಗವನ್ನು ಇನ್ನೊಂದಕ್ಕೆ ಒಯ್ಯುತ್ತದೆ. ಒಂದೊಂದು ಬೀಜದಲ್ಲೂ ಎರಡು ಗಿಡಗಳ ಗುಣ ಬೇರೆ ಬೇರೆ ರೀತಿಯಲ್ಲಿ ಬೆರೆತಿರುತ್ತದೆ. ಒಂದೇ ಪೊಟ್ಟಣದ ಹತ್ತು ಬೀಜ ಬಿತ್ತಿದರೆ ಹತ್ತು ಬಗೆಯ ಎಲೆ ಬಂದರೂ ಆಶ್ಚರ್ಯವಿಲ್ಲ.

ಹಾಗಾದರೆ ಉದ್ಯಾನದ ಚಿತ್ತಾರದಲ್ಲಿ ನೂರು ಗಿಡ ಒಂದೇ ಥರ ಇರುವುದು ಹೇಗೆ? ಚೆನ್ನಾಗಿ ಬಂದ ಒಂದು ಗಿಡದ ಕುಡಿ ಕತ್ತರಿಸಿ ನೆಟ್ಟು ನೂರು ಮಾಡಬಹುದು. ಕುಡಿಯಿಂದ ಬಂದದ್ದು ತಾಯಿಯ ಪಡಿಯಚ್ಚು. ಇಲ್ಲವೇ ತಲೆಮಾರುಗಳ ಕಾಲ ಆರಿಸಿ ಹದಗೊಳಿಸಿದ ತಳಿಯ ಬೀಜ ಬೇಕು. ಅಂಗಡಿಯಲ್ಲಿ ಸಿಗುವ ಒಳ್ಳೆಯ ಬೀಜ ಅಂಥದು, ಅದರಲ್ಲೂ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. ಮಿಶ್ರ ಬಣ್ಣ ಎಂದು ಬರೆದಿದ್ದರೆ ಬೇರೆ ಬೇರೆ ಗಿಡಗಳಲ್ಲಿ ಬೇರೆ ಬೇರೆ ಬಣ್ಣ ಎಂದರ್ಥ. ಒಂದೇ ಗಿಡದಲ್ಲಿ ಏಳು ಬಣ್ಣ ಎಂದು ಓದಿಕೊಳ್ಳಬೇಡಿ.

ತೋಟದಿಂದ ಊರಿಗೆ

1912ರಲ್ಲಿ ಮೈಸೂರು ಹಾರ್ಟಿಕಲ್ಚರಲ್ ಸೊಸೈಟಿ ಹುಟ್ಟಿತು. ಅದರ ಹಿಂದೆ ಕೃಂಬಿಗಲ್ ಅವರ ಶ್ರಮವಿತ್ತು. ಗಿಡ ಬೆಳೆಸುವ ಸಾಮಾನ್ಯ ಜನ, ಸರ್ಕಾರ, ತಜ್ಞರು ಒಂದೆಡೆ ಸೇರುವ ಜಾಗ ಅದು. ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನದ ಪರಂಪರೆ ಬೆಳೆದದ್ದು ಹೀಗೆ. ದಾವಣಗೆರೆಯ ಕುಂದುವಾಡ ಕೆರೆಯ ಬಳಿ ಈಗ ನಿಂತಿರುವ ಗಾಜಿನ ಮನೆ ಲಾಲ್‌ಬಾಗಿನದರ ಮಾದರಿಯಲ್ಲಿ ಕಟ್ಟಿದ್ದು. ಅಲ್ಲಿ ಸೆಲ್ಫಿ ತೆಗೆದುಕೊಳ್ಳುವವರ ಹಿಂದೆ ಕಾಣುವ ಆ ಕಮಾನುಗಳಿಗೆ ಇಷ್ಟು ದೂರದ ಕಥೆ ಇದೆ.

ಬೆಂಗಳೂರಿನ ಬೀದಿಗಳಿಗೂ ಕೃಂಬಿಗಲ್ ಕೈ ಹಾಕಿದರು. ವರ್ಷದ ಯಾವ ತಿಂಗಳಲ್ಲಿ ನೋಡಿದರೂ ಎಲ್ಲಾದರೂ ಒಂದು ಜಾತಿಯ ಮರ ಹೂ ಬಿಟ್ಟಿರಬೇಕು ಎಂಬುದು ಅವರ ಲೆಕ್ಕ. ಒಂದರ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳುವಂತೆ ಸಾಲುಮರಗಳನ್ನು ಆರಿಸಿದರು. ಜಕರಂಡಾ, ಟಬೂಬಿಯಾ, ಗುಲ್‌ಮೊಹರ್ ಹೂ ಬಿಟ್ಟಾಗ ಫೋನುಗಳಲ್ಲಿ ತುಂಬುವ ಫೋಟೊಗಳ ಹಿಂದೆ ಈ ಯೋಚನೆಯ ನೆರಳಿದೆ. ಆದರೆ ಇಲ್ಲಿಯ ಹೊರನಾಡಿನ ಮರಗಳನ್ನೆಲ್ಲ ಅವರೇ ತಂದರು ಎನ್ನುವುದು ಸರಿಯಲ್ಲ. ಮಡಗಾಸ್ಕರ್ ಮೂಲದ ಗುಲ್‌ಮೊಹರ್ ಅವರು ಬರುವ ಮೊದಲೇ ಭಾರತದಲ್ಲಿತ್ತು. ಅವರ ಹೆಚ್ಚುಗಾರಿಕೆ ಇದ್ದದ್ದು ಯಾವುದನ್ನು ಎಲ್ಲಿ, ಯಾವುದರ ಪಕ್ಕದಲ್ಲಿ ನೆಡಬೇಕು ಎಂಬ ಲೆಕ್ಕದಲ್ಲಿ. ಕನ್ನಂಬಾಡಿಯ ಬೃಂದಾವನ ಉದ್ಯಾನ ರೂಪುಗೊಂಡಾಗಲೂ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಜೊತೆಗೆ ಕೃಂಬಿಗಲ್ ಹೆಸರು ಕೇಳಿಬರುತ್ತದೆ.

ಹೊರಗಿನವರು ಎಂಬ ಹಣೆಪಟ್ಟಿ

ಕೃಂಬಿಗಲ್ ಹುಟ್ಟಿದ ದೇಶಕ್ಕೂ ಬ್ರಿಟನ್ನಿಗೂ ಯುದ್ಧ ನಡೆದ ಕಾಲದಲ್ಲಿ, ಭಾರತದಲ್ಲಿದ್ದ ಜರ್ಮನ್ನರನ್ನು ಬ್ರಿಟಿಷ್ ಆಡಳಿತ ಶತ್ರು ದೇಶದವರು ಎಂದು ಎಣಿಸಿತು. ಕೃಂಬಿಗಲ್ ಕೂಡ ಬಂಧನ ಶಿಬಿರ ಕಾಣಬೇಕಾಯಿತು. ಎಷ್ಟು ವರ್ಷ ಇಲ್ಲಿ ಗಿಡ ನೆಟ್ಟಿದ್ದರು, ಎಷ್ಟು ಜನರಿಗೆ ಕೆಲಸ ಕಲಿಸಿದ್ದರು ಎಂಬುದು ಆಗ ಲೆಕ್ಕಕ್ಕೆ ಬರಲಿಲ್ಲ. ಕಾಗದದಲ್ಲಿದ್ದ ದೇಶದ ಹೆಸರೇ ಎಲ್ಲವನ್ನೂ ತೀರ್ಮಾನಿಸಿತು. ಮನುಷ್ಯನ ಬಗ್ಗೆಯಾಗಲಿ ಗಿಡದ ಬಗ್ಗೆಯಾಗಲಿ, ಹಣೆಪಟ್ಟಿ ಓದಿ ತೀರ್ಪು ಕೊಟ್ಟರೆ ಆಗುವ ತಪ್ಪು ಇದು.

1932ರಲ್ಲಿ ಅವರು ಲಾಲ್‌ಬಾಗಿನಿಂದ ನಿವೃತ್ತರಾದರು. ಆ ಜಾಗಕ್ಕೆ ಎಚ್. ಸಿ. ಜವರಾಯ ಬಂದರು. ಮುಂದೆ ಡಾ. ಎಂ. ಎಚ್. ಮರಿಗೌಡರು ತೋಟಗಾರಿಕೆಯನ್ನು ರಾಜ್ಯದ ಜಿಲ್ಲೆ ಜಿಲ್ಲೆಗೆ ಒಯ್ದರು. ಊರೂರಲ್ಲಿ ಸರ್ಕಾರಿ ತೋಟ, ನರ್ಸರಿ ಹುಟ್ಟಿದವು. ಕೃಂಬಿಗಲ್ ನಿವೃತ್ತಿಯ ನಂತರವೂ ಬೆಂಗಳೂರು ಬಿಡಲಿಲ್ಲ. ಉದ್ಯಾನ, ನಗರ ವಿನ್ಯಾಸದ ಸಲಹೆಗಾರರಾಗಿ ಕೆಲಸ ಮುಂದುವರಿಸಿದರು. 1956ರ ಫೆಬ್ರವರಿ 8ರಂದು, 90 ದಾಟಿದ ವಯಸ್ಸಿನಲ್ಲಿ, ಇಲ್ಲೇ ತೀರಿಕೊಂಡರು. ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿ ಇದೆ. ಲಾಲ್‌ಬಾಗ್ ಪಕ್ಕದ ಒಂದು ರಸ್ತೆಗೆ ಅವರ ಹೆಸರಿದೆ.

ಮತ್ತೆ ಹರಿಹರದ ಕುಂಡಗಳಿಗೆ

ನಾವು ಆ ತಾಯಿಯವರ ಹಿತ್ತಲಿಗೆ ಹೋದಾಗ ಅವರು ಹಸಿರು ಸಸಿಗಳನ್ನು ಕಿತ್ತು ಎಸೆಯುವುದರಲ್ಲಿದ್ದರು. ಬೇಡ, ಇನ್ನೂ ಒಂದು ತಿಂಗಳು ಬಿಡಿ ಎಂದೆವು. ಏಕೆಂದರೆ ಕೋಲಿಯಸ್ ಸಸಿ ಮೊದಲು ಹಸಿರಾಗಿಯೇ ಇರುತ್ತದೆ. ಎರಡು ಮೂರು ಜೊತೆ ಎಲೆ ಬಂದ ಮೇಲೆ ಬಣ್ಣ ಇಣುಕುತ್ತದೆ. ಪೂರ್ತಿ ಬಣ್ಣ ತುಂಬಲು ಬಿತ್ತಿದಾಗಿನಿಂದ ಎರಡು ತಿಂಗಳಾದರೂ ಬೇಕು. ಹದಿನೈದು ದಿನ ಎಂದ ಸಂದೇಶ ಇಲ್ಲೂ ದಾರಿ ತಪ್ಪಿಸಿತ್ತು.

ಜೊತೆಗೆ, ಅಂಗಡಿಯಿಂದ ಮಿಶ್ರ ಬಣ್ಣದ ಸಾದಾ ಬೀಜ ತಂದು ಹರಿಹರದಲ್ಲೂ ದಾವಣಗೆರೆಯ ತಂಗಿಯ ಮನೆ ತಾರಸಿಯಲ್ಲೂ ಹೊಸದಾಗಿ ಬಿತ್ತಿದೆವು. ನೀವೂ ಮಾಡಿ ನೋಡುವುದಾದರೆ ಕ್ರಮ ಹೀಗಿದೆ.

ಯಾವಾಗ: ಮಳೆ ಹಿಡಿದ ಮೇಲೆ ಜೂನ್ ಜುಲೈ, ಇಲ್ಲವೇ ಬಿಸಿಲು ತಗ್ಗಿದ ಅಕ್ಟೋಬರ್ ನವೆಂಬರ್. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ಬೇಡ. ಮೊಳೆಯಲು 20ರಿಂದ 25 ಡಿಗ್ರಿ ಉಷ್ಣತೆ ಹಿತ.

ಮಣ್ಣು: ಈ ಕಡೆಯ ಎರೆಮಣ್ಣು ನೀರು ಹಿಡಿದುಕೊಳ್ಳುತ್ತದೆ, ಸಣ್ಣ ಸಸಿ ಕೊಳೆಯುತ್ತದೆ. ತೆಂಗಿನ ನಾರಿನ ಪುಡಿಗೆ ಜರಡಿ ಹಿಡಿದ ಎರೆಗೊಬ್ಬರ ಬೆರೆಸಿ. ತಟ್ಟೆಯ ತಳದಲ್ಲಿ ತೂತಿರಲಿ.

ಬಿತ್ತನೆ: ಬೀಜ ಸಾಸಿವೆಗಿಂತಲೂ ಬಹಳ ಸಣ್ಣದು, ಒಂದು ಗ್ರಾಂನಲ್ಲಿ 3,000ಕ್ಕೂ ಹೆಚ್ಚು ಇರುತ್ತವೆ. ಮೇಲೆ ಉದುರಿಸಿ ಬೆರಳಿನಿಂದ ಮೆಲ್ಲಗೆ ಒತ್ತಿ. ಮಣ್ಣು ಮುಚ್ಚಬೇಡಿ, ಇದು ಮೊಳೆಯಲು ಬೆಳಕು ಬೇಕು. ಹರಿಹರದ ಕೆಲವು ಕುಂಡಗಳಲ್ಲಿ ಏನೂ ಬಾರದಿರಲು ಇದೂ ಕಾರಣವಿರಬಹುದು, ಅವರು ಬೀಜವನ್ನು ಅರ್ಧ ಬೆರಳು ಆಳಕ್ಕೆ ಹೂತಿದ್ದರು.

ನೀರು: ಮೇಲಿನಿಂದ ಸುರಿದರೆ ಬೀಜ ಕೊಚ್ಚಿಹೋಗುತ್ತದೆ. ತಟ್ಟೆಯನ್ನು ನೀರಿನ ಪರಾತದಲ್ಲಿ ಸ್ವಲ್ಪ ಹೊತ್ತು ಇಟ್ಟು ಕೆಳಗಿನಿಂದ ಹೀರಲು ಬಿಡಿ.

ಹೊದಿಕೆ: ತೇವ ಆರದಂತೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ನೆರಳಿನಲ್ಲಿ ಇಡಿ. ಬಿಸಿಲಿಗಿಟ್ಟರೆ ಒಳಗೆ ಬೇಯುತ್ತದೆ. ತಣ್ಣನೆಯ ದೇಶದಲ್ಲಿ ಗಾಜು ಗಿಡವನ್ನು ಉಳಿಸುತ್ತದೆ, ನಮ್ಮ ಬಿಸಿಲಿನಲ್ಲಿ ಅದೇ ಕೊಲ್ಲುತ್ತದೆ. ಒಂದೆರಡು ವಾರದಲ್ಲಿ ಮೊಳಕೆ ಕಂಡ ಕೂಡಲೇ ಹೊದಿಕೆ ತೆಗೆಯಿರಿ.

ನಂತರ: ಎರಡು ಜೊತೆ ನಿಜವಾದ ಎಲೆ ಬಂದಾಗ ಬೇರೆ ಕುಂಡಕ್ಕೆ ಬದಲಿಸಿ. ಬೆಳಗಿನ ಎಳೆಬಿಸಿಲು ಸಾಕು. ನಡುಹಗಲ ಬಿಸಿಲಿಗೆ ಬಹಳಷ್ಟು ಬಗೆಗಳ ಬಣ್ಣ ಮಾಸುತ್ತದೆ, ತೀರ ಕತ್ತಲಲ್ಲಿ ಹಸಿರು ಹೆಚ್ಚುತ್ತದೆ. ತುದಿ ಚಿವುಟಿದರೆ ಗಿಡ ಪೊದೆಯಾಗುತ್ತದೆ. ಹೂತೆನೆ ಬಂದರೆ ತೆಗೆದುಬಿಡಿ.

ಒಂದು ಎಚ್ಚರಿಕೆ. ದೊಡ್ಡಪತ್ರೆಯ ನೆಂಟ ಎಂದು ಕೋಲಿಯಸ್ ಎಲೆಯನ್ನು ತಂಬುಳಿಗೆ, ಕಷಾಯಕ್ಕೆ ಹಾಕಬೇಡಿ. ಇದು ಅಂದಕ್ಕೆ ಬೆಳೆಸುವ ಗಿಡ.

ಎರಡು ತಿಂಗಳ ನಂತರ ಏನಾಯಿತು? ಆನ್‌ಲೈನ್ ಬೀಜದಲ್ಲಿ ಉಳಿದ ಸಸಿಗಳ ಪೈಕಿ ಕೆಲವು ಕೋಲಿಯಸ್ ಅಲ್ಲವೇ ಅಲ್ಲ, ಯಾವುದೋ ಕಳೆ. ಎರಡು ಮಾತ್ರ ಕೋಲಿಯಸ್, ಹಸಿರು ಅಂಚಿನ ಸಾದಾ ಕೆಂಪು. ಅಂಗಡಿಯ ಬೀಜದಲ್ಲಿ ಹದಿನೆಂಟು ಗಿಡ ಬಂದವು, ಒಂದರ ಹಾಗೆ ಇನ್ನೊಂದಿಲ್ಲ. ನೀಲಿ ಎಲ್ಲೂ ಇಲ್ಲ. ಅವುಗಳಲ್ಲಿ ಒಂದರ ಎಲೆ ನಡುವೆ ಕಡು ಮರೂನ್, ಸುತ್ತ ಗುಲಾಬಿ, ಅಂಚಿಗೆ ತಿಳಿಹಸಿರು. ಅದರ ಫೋಟೊ ನಾವು ಯಾವ ಸಂದೇಶದಲ್ಲೂ ನೋಡಿರಲಿಲ್ಲ.

ಆ ತಾಯಿ ಅದರ ಕುಡಿ ಕತ್ತರಿಸಿ, ಲೋಟದ ನೀರಿನಲ್ಲಿ ಎರಡು ವಾರ ಇಟ್ಟು ಬೇರು ಬರಿಸಿದರು. ದುಡ್ಡು ಹಾಕಿ ಮೋಸ ಹೋಗಿದ್ದ ಮೂರು ಮನೆಗೂ ತಾವೇ ಹೋಗಿ ಕೊಟ್ಟು ಬಂದರು. ತಂಗಿಗೂ ಒಂದು ದಾವಣಗೆರೆಗೆ ಹೋಯಿತು.

ಒಂದೇ ನೋಟದಲ್ಲಿ

ಬಣ್ಣದೆಲೆಯ ಕೋಲಿಯಸ್ ಬೀಜದಿಂದ ಬೆಳೆಯುತ್ತದೆ: ನಿಜ.
ಬೀಜದಿಂದ ಫೋಟೊದಲ್ಲಿರುವಂಥದೇ ಗಿಡ ಬರುತ್ತದೆ: ಖಾತ್ರಿಯಿಲ್ಲ. ಅದೇ ಬಣ್ಣ ಬೇಕಿದ್ದರೆ ಕುಡಿ ತನ್ನಿ.
ನೀಲಿ ಎಲೆಯ ಕೋಲಿಯಸ್ ಬೀಜ ಸಿಗುತ್ತದೆ: ಸುಳ್ಳು.
ಹದಿನೈದು ದಿನದಲ್ಲಿ ಬಣ್ಣ ಬರುತ್ತದೆ: ಸುಳ್ಳು.
ಲಾಲ್‌ಬಾಗ್ ಮತ್ತು ಗಾಜಿನ ಮನೆ ಕಟ್ಟಿದವರು ಕೃಂಬಿಗಲ್: ತಪ್ಪು. ಲಾಲ್‌ಬಾಗನ್ನು ಬೆಳೆಸಿ, ಗಿಡದ ಪ್ರೀತಿಯನ್ನು ಊರಿಗೆ ಹಂಚಿದವರಲ್ಲಿ ಅವರು ಪ್ರಮುಖರು.

ಕೃಂಬಿಗಲ್ ಕಾಲದಲ್ಲಿ ಒಂದು ಬೀಜ ಹಡಗು ಹತ್ತಿ ಬಂದು, ಮೊಳೆತು, ಒಗ್ಗಿ, ಬೇರೆಯವರ ಕೈ ಸೇರಲು ವರ್ಷಗಳೇ ಹಿಡಿಯುತ್ತಿದ್ದವು. ಈಗ ಒಂದು ಸಂದೇಶ ನೂರು ಮನೆ ಸೇರಲು ಒಂದು ಕ್ಷಣ ಸಾಕು. ಮುಂದಿನ ಸಲ ಇಂಥ ಫೋಟೊ ಬಂದಾಗ ನೀವೇ ಮೊದಲು ಬಿತ್ತಿ ನೋಡಿ. ಗಿಡ ಬಂದರೆ ಅದರ ಫೋಟೊ ಕಳಿಸಿ. ಸಾಧ್ಯವಾದರೆ ಒಂದು ಕುಡಿಯನ್ನೇ ಕೊಡಿ.